ನವೋದಯಕ್ಕೆ ನಾಲೆ ತೋಡಿದ ಮೇಷ್ಟ್ರು

ಮಂಡ್ಯ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಕಬ್ಬು, ಕಾವೇರಿ ಮತ್ತು ರಾಜಕೀಯ. ಒಳಗಿನವರಿಗೂ ಅಷ್ಟೇ ಸಾಕೆನಿಸಿಬಿಟ್ಟಿದೆಯೇನೋ. ಹೊಸಗನ್ನಡ ಸಾಹಿತ್ಯದ ಚರಿತ್ರೆಯಲ್ಲಿ ಈ ಜಿಲ್ಲೆಯ ಪಾಲು ಎಷ್ಟು ದೊಡ್ಡದೆಂಬುದನ್ನು ನಾವು ಸಮ್ಮೇಳನಗಳ ಸಂದರ್ಭದಲ್ಲಷ್ಟೇ ಜ್ಞಾಪಿಸಿಕೊಳ್ಳುತ್ತೇವೆ. ಮೇಲುಕೋಟೆಯ ಪು.ತಿ. ನರಸಿಂಹಾಚಾರ್, ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿ, ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾವ್ ಇವರೆಲ್ಲ ಈ ನೆಲದವರು. 2024ರ ಡಿಸೆಂಬರಿನಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ 87ನೆಯ ಅಧಿವೇಶನ ಮಂಡ್ಯದಲ್ಲಿ ನಡೆಯಿತು. 1974 ಮತ್ತು 1994ರ ಬಳಿಕ ಈ ಊರಿಗೆ ಬಂದ ಮೂರನೆಯ ಸಮ್ಮೇಳನ ಅದು. ಅಂಥ ಹಬ್ಬಗಳು ಮುಗಿದ ಮೇಲೆ ಉಳಿಯಬೇಕಾದ ಕೆಲಸವೇನು ಎಂದು ಯೋಚಿಸುವಾಗಲೆಲ್ಲ ನನಗೆ ಈ ಜಿಲ್ಲೆಯ ನಂಟಿನ ಇನ್ನೊಂದು ಹೆಸರು ಎದುರಿಗೆ ಬರುತ್ತದೆ. ಮೇಲೆ ಹೇಳಿದವರೆಲ್ಲರಿಗೂ ಹಿರಿಯರಾಗಿದ್ದ ಬೆಳ್ಳೂರು ಮೈಲಾರಯ್ಯ ಶ್ರೀಕಂಠಯ್ಯನವರ ಹೆಸರು ಅದು. ನಾಡು ಅವರನ್ನು ಬಿ.ಎಂ.ಶ್ರೀ ಎಂದೇ ಬಲ್ಲದು.

ನಾನು ಸಾಹಿತ್ಯದ ವಿದ್ವಾಂಸನಲ್ಲ. ಓದಿದ್ದು ಅರ್ಥಶಾಸ್ತ್ರ, ಮಾಡಿದ್ದು ಸರ್ಕಾರಿ ಸೇವೆ. ಮಂಡ್ಯ ಉಪವಿಭಾಗಾಧಿಕಾರಿಯಾಗಿದ್ದ ಅವಧಿಯಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿ ಈ ಮೂರು ತಾಲ್ಲೂಕುಗಳು ನನ್ನ ವ್ಯಾಪ್ತಿಯಲ್ಲಿದ್ದವು. ಬಿ.ಎಂ.ಶ್ರೀ ಅವರ ಬೆಳ್ಳೂರು ನಾಗಮಂಗಲ ತಾಲ್ಲೂಕಿಗೆ ಸೇರಿ, ಪಕ್ಕದ ಪಾಂಡವಪುರ ಉಪವಿಭಾಗದ ಗಡಿಯೊಳಗೆ ಇತ್ತು. ಆದರೂ ಅವರ ಬದುಕನ್ನು ನಾನು ಅರ್ಥ ಮಾಡಿಕೊಂಡದ್ದು ನನ್ನ ಮೂರು ತಾಲ್ಲೂಕುಗಳ ನೀರು, ನಾಲೆ, ಅಚ್ಚುಕಟ್ಟುಗಳ ಕಡತಗಳ ಮೂಲಕ. ಈ ಮಾತು ವಿಚಿತ್ರವೆನಿಸಬಹುದು. ಕಾರಣವನ್ನು ಮುಂದೆ ಹೇಳುತ್ತೇನೆ.

ಶ್ರೀಕಂಠಯ್ಯನವರು ಹುಟ್ಟಿದ್ದು 1884ರ ಜನವರಿ 3ರಂದು, ತಾಯಿಯ ತವರಾದ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ. ತಂದೆ ಮೈಲಾರಯ್ಯನವರು ಶ್ರೀರಂಗಪಟ್ಟಣದಲ್ಲಿ ವಕೀಲರಾಗಿದ್ದರು. ಬಾಲ್ಯ ಕಳೆದದ್ದು ಕಾವೇರಿಯ ಆ ದ್ವೀಪದಲ್ಲಿ. ಅಂದು ಮಂಡ್ಯ ಜಿಲ್ಲೆಯೆಂಬುದು ಇರಲಿಲ್ಲ. ಅದು ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ರೂಪುಗೊಂಡದ್ದು 1939ರಲ್ಲಿ. ಮೈಸೂರು, ಬೆಂಗಳೂರುಗಳಲ್ಲಿ ಓದು ಮುಂದುವರಿಸಿದ ಶ್ರೀಕಂಠಯ್ಯನವರು ಮದರಾಸಿನಲ್ಲಿ ಕಾನೂನು ಪದವಿಯನ್ನೂ ಎಂ.ಎ. ಪದವಿಯನ್ನೂ ಪಡೆದರು. ಆ ಕಾಲದಲ್ಲಿ ಇಷ್ಟು ವಿದ್ಯಾರ್ಹತೆಯುಳ್ಳ ತರುಣನ ಮುಂದೆ ಎರಡು ಹೆದ್ದಾರಿಗಳಿದ್ದವು. ಒಂದು ವಕೀಲಿ, ಇನ್ನೊಂದು ಸಂಸ್ಥಾನದ ಆಡಳಿತ ಸೇವೆ. ಎರಡೂ ಹಣ ಮತ್ತು ಅಧಿಕಾರದ ದಾರಿಗಳು. ಅವರು ಎರಡನ್ನೂ ಬಿಟ್ಟು 1909ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾದರು.

ಇಂಗ್ಲಿಷ್ ಅಧ್ಯಾಪಕ ಎಂಬುದನ್ನು ಗಮನಿಸಬೇಕು. ಕನ್ನಡದಲ್ಲಿ ಮಾತನಾಡುವುದು ವಿದ್ಯಾವಂತರಿಗೆ ಸಂಕೋಚದ ಸಂಗತಿಯಾಗಿದ್ದ ಕಾಲವದು. ಕನ್ನಡ ಪಂಡಿತರ ಸಂಬಳವೂ ಕಡಿಮೆ, ಸ್ಥಾನಮಾನವೂ ಕಡಿಮೆ. ಕನ್ನಡದ ಪರವಾಗಿ ಪಂಡಿತರು ಮಾತನಾಡಿದರೆ ಅದು ಹೊಟ್ಟೆಪಾಡಿನ ಅಳಲೆಂದು ತಳ್ಳಿಹಾಕುವವರಿದ್ದರು. ಷೇಕ್ಸ್‌ಪಿಯರನನ್ನು ಪಾಠ ಹೇಳುವ ಪ್ರಾಧ್ಯಾಪಕನೇ ಎದ್ದುನಿಂತು ಕನ್ನಡದ ಪರ ವಾದಿಸಿದಾಗ ಹಾಗೆ ತಳ್ಳಿಹಾಕಲು ಬರುತ್ತಿರಲಿಲ್ಲ. 1911ರಲ್ಲಿ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಅವರು ಕನ್ನಡ ಮಾತು ತಲೆಯೆತ್ತುವ ಬಗೆಯನ್ನು ಕುರಿತು ಮಾಡಿದ ಉಪನ್ಯಾಸ ಪ್ರಸಿದ್ಧವಾಗಿದೆ. ಆಗ ಅವರಿಗೆ 27 ವರ್ಷ. ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಲು ಇನ್ನೂ ನಾಲ್ಕು ವರ್ಷ ಬಾಕಿಯಿತ್ತು, ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಲು ಐದು ವರ್ಷ. ಮೈಸೂರಿನ ಅಧ್ಯಾಪಕರೊಬ್ಬರು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡಕ್ಕೆ ಹೋಗಿ ಒಂದೇ ಕನ್ನಡದ ಮಾತಾಡಿದ್ದೂ ಅಂದಿನ ಮಟ್ಟಿಗೆ ಸಣ್ಣ ಸಂಗತಿಯಲ್ಲ.

ಅವರ ಹೆಸರನ್ನು ಮನೆಮನೆಗೆ ಮುಟ್ಟಿಸಿದ ಕೃತಿ ‘ಇಂಗ್ಲಿಷ್ ಗೀತಗಳು’. 1920ರ ದಶಕದ ಆರಂಭದಲ್ಲಿ ಕಿರುಹೊತ್ತಗೆಯಾಗಿ ಹೊರಬಂದು, 1926ರಲ್ಲಿ ಪೂರ್ಣರೂಪ ಪಡೆದ ಈ ಸಂಕಲನದಲ್ಲಿ ಸುಮಾರು ಅರವತ್ತು ಕವಿತೆಗಳಿವೆ. ಷೆಲ್ಲಿ, ವರ್ಡ್ಸ್‌ವರ್ತ್, ಬರ್ನ್ಸ್, ಸ್ಕಾಟ್, ಹುಡ್ ಮೊದಲಾದವರ ಕವಿತೆಗಳನ್ನು ಅವರು ಕನ್ನಡಕ್ಕೆ ತಂದರು. ತರುವಾಗ ಮೂಲದ ಊರುಕೇರಿಗಳನ್ನೇ ಬದಲಿಸಿದ್ದುಂಟು. ಕ್ಯಾಂಬೆಲ್ ಕವಿಯ ಸ್ಕಾಟ್ಲೆಂಡಿನ ನಾಯಕನ ಮಗಳು ಕಾರಿಹೆಗ್ಗಡೆಯ ಮಗಳಾದಳು. ಬರ್ನ್ಸ್ ಕವಿಯ ಹಳ್ಳಿಯ ಪ್ರೇಮಿಗಳು ಮಾದ, ಮಾದಿಯರಾದರು. ರಾಜರಾಣಿಯರಿಗೆ ಮೀಸಲಾಗಿದ್ದ ಶೃಂಗಾರ ಹೀಗೆ ನಮ್ಮ ಹೊಲಗದ್ದೆಗಳ ಜನರ ಪಾಲಿಗೂ ಬಂತು.

ಛಂದಸ್ಸಿನ ಮಾತಂತೂ ಸರಿಯೇ. ಪ್ರತಿ ಸಾಲಿನ ಎರಡನೆಯ ಅಕ್ಷರ ಪ್ರಾಸವಾಗಿರಲೇಬೇಕೆಂಬ ಸಾವಿರ ವರ್ಷದ ಕಟ್ಟನ್ನು ಸಡಿಲಿಸಿ, ಮೂರು, ನಾಲ್ಕು, ಐದು ಮಾತ್ರೆಗಳ ಗಣಗಳನ್ನು ಹೊಸ ಬಗೆಯಲ್ಲಿ ಜೋಡಿಸಿ, ಆಡುಮಾತಿನ ಸಹಜತೆಗೆ ಹತ್ತಿರವಾದ ಪದ್ಯದ ಮಟ್ಟುಗಳನ್ನು ಅವರು ಸಿದ್ಧಪಡಿಸಿದರು. ಮುಂದಿನ ಒಂದು ತಲೆಮಾರಿನ ಕವಿಗಳಿಗೆ ಅವು ಸಿದ್ಧ ಅಚ್ಚುಗಳಂತೆ ಒದಗಿದವು.

ಆದರೆ ಈ ಕೆಲಸದಲ್ಲಿ ಬಿ.ಎಂ.ಶ್ರೀ ಮೊದಲಿಗರಾಗಿರಲಿಲ್ಲ. ಇದನ್ನು ಮರೆತರೆ ಅವರ ನಿಜವಾದ ಹಿರಿಮೆ ಕಾಣುವುದಿಲ್ಲ. ಎಸ್.ಜಿ. ನರಸಿಂಹಾಚಾರ್ಯರು ಅವರಿಗಿಂತ ಮೊದಲೇ ಇಂಗ್ಲಿಷ್ ಕವಿತೆಗಳನ್ನು ಕನ್ನಡಿಸಿದ್ದರು. ಕರಾವಳಿಯಲ್ಲಿ ಪಂಜೆ ಮಂಗೇಶರಾಯರು ಮಕ್ಕಳಿಗಾಗಿ ಹೊಸ ಬಗೆಯ ಪದ್ಯಗಳನ್ನು ಬರೆದಿದ್ದರು. ಮಂಜೇಶ್ವರದ ಗೋವಿಂದ ಪೈಯವರು 1911ರಲ್ಲೇ ಆದಿಪ್ರಾಸವನ್ನು ಕೈಬಿಟ್ಟಿದ್ದರು. ಹಟ್ಟಿಯಂಗಡಿ ನಾರಾಯಣರಾಯರ ‘ಆಂಗ್ಲ ಕವಿತಾವಳಿ’ 1919ರಲ್ಲಿ ಪ್ರಕಟವಾಗಿತ್ತು. ಹಾಗಿದ್ದರೂ ನವೋದಯದ ಆರಂಭವನ್ನು ನಾವು ‘ಇಂಗ್ಲಿಷ್ ಗೀತಗಳು’ ಕೃತಿಯಿಂದ ಗುರುತಿಸುವುದೇಕೆ?

ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಈ ಪ್ರಶ್ನೆ ಪರಿಚಿತವಾದದ್ದು. ಹೊಸದೊಂದನ್ನು ಕಂಡುಹಿಡಿಯುವುದು ಬೇರೆ, ಅದು ಸಮಾಜದಲ್ಲಿ ಹರಡುವಂತೆ ಮಾಡುವುದು ಬೇರೆ. ಹರಡುವಿಕೆಗೆ ಬೇಕಾಗುವುದು ವ್ಯವಸ್ಥೆ. ಬಿ.ಎಂ.ಶ್ರೀ ಅವರ ಕವಿತೆಗಳ ಹಿಂದೆ ಒಂದು ತರಗತಿಯಿತ್ತು, ವರ್ಷವರ್ಷವೂ ಬರುವ ವಿದ್ಯಾರ್ಥಿಗಳ ಪಡೆಯಿತ್ತು, ಊರೂರು ತಿರುಗುವ ಉಪನ್ಯಾಸಕಾರನಿದ್ದ. 1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ ಎ.ಆರ್. ಕೃಷ್ಣಶಾಸ್ತ್ರಿಗಳು ಹೊರಡಿಸಿದ ‘ಪ್ರಬುದ್ಧ ಕರ್ನಾಟಕ’ ಪತ್ರಿಕೆಯಂಥ ವೇದಿಕೆಗಳೂ ಅದೇ ಹೊತ್ತಿಗೆ ಹುಟ್ಟಿಕೊಂಡವು. ಮಹಾರಾಜಾ ಕಾಲೇಜಿನಿಂದ ಹೊರಬಿದ್ದ ತರುಣರು ಆ ಹೊಸ ಮಟ್ಟುಗಳನ್ನು ತಮ್ಮೊಡನೆ ಊರುಗಳಿಗೆ ಕೊಂಡೊಯ್ದರು. ಬೇರೆಯವರ ಪ್ರಯೋಗಗಳು ಬಾವಿಯ ನೀರಿನಂತೆ ತಮ್ಮ ಸುತ್ತಿನ ನೆಲವನ್ನು ತಣಿಸಿದವು. ಶ್ರೀಕಂಠಯ್ಯನವರು ನಾಲೆ ತೋಡಿದರು.

ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಗೆ ಭೇಟಿ ಕೊಟ್ಟ ಬೆಳಗನ್ನು ಇಲ್ಲಿ ಉಲ್ಲೇಖಿಸಬೇಕು. ಮಕ್ಕಳು ಪ್ರಾರ್ಥನೆಗೆ ‘ಕರುಣಾಳು ಬಾ ಬೆಳಕೆ’ ಹಾಡುತ್ತಿದ್ದರು. ಬಳಿಕ ಮಾತಿನ ನಡುವೆ ಶಾಲೆಯ ಹಿರಿಯ ಶಿಕ್ಷಕರೊಬ್ಬರು ಅದು ಯಾವುದೋ ದಾಸರದೋ ಶರಣರದೋ ಇರಬೇಕೆಂದು ಅಭಿಪ್ರಾಯಪಟ್ಟರು. ಅದರ ಮೂಲ ಕಾರ್ಡಿನಲ್ ನ್ಯೂಮನ್ 1833ರಲ್ಲಿ ಹಡಗಿನ ಪ್ರಯಾಣದಲ್ಲಿದ್ದಾಗ ಬರೆದ ಕ್ರೈಸ್ತ ಪ್ರಾರ್ಥನಾಗೀತೆ. ಮೆಡಿಟರೇನಿಯನ್ ಸಮುದ್ರದ ಮೇಲೆ ಹುಟ್ಟಿದ ಒಂದು ಪದ್ಯ, ಸಮುದ್ರವನ್ನೇ ಕಾಣದ ಮಕ್ಕಳ ಬಾಯಲ್ಲಿ ಅವರ ಅಜ್ಜಂದಿರ ಹಾಡಿನಂತೆ ನೆಲೆಸಿತ್ತು. ಎರವಲು ತಂದದ್ದರ ಗುರುತೇ ಅಳಿಸಿಹೋಗುವಷ್ಟು ಅದು ನಮ್ಮದಾಗಿದೆ. ಅನುವಾದಕನಿಗೆ ಇದಕ್ಕಿಂತ ದೊಡ್ಡ ಸನ್ಮಾನವನ್ನು ಯಾವ ಅಕಾಡೆಮಿಯೂ ಕೊಡಲಾರದು.

ಎರವಲಿನ ಬಗ್ಗೆ ನಮ್ಮಲ್ಲಿ ಒಂದು ಕೀಳರಿಮೆಯಿದೆ. ಪರರ ಸಾಹಿತ್ಯದಿಂದ ಹುಟ್ಟಿದ ಪುನರುಜ್ಜೀವನ ನಿಜವಾದ ಪುನರುಜ್ಜೀವನವೇ ಎಂಬ ಆಕ್ಷೇಪ ಆಗಲೂ ಇತ್ತು, ಈಗಲೂ ಇದೆ. ಇಂಗ್ಲಿಷ್ ಸಾಹಿತ್ಯದ ಚರಿತ್ರೆಯನ್ನು ಪಾಠ ಹೇಳುತ್ತಿದ್ದ ಪ್ರಾಧ್ಯಾಪಕರಿಗೆ ಇದರ ಉತ್ತರ ಆ ಚರಿತ್ರೆಯಲ್ಲೇ ದೊರಕುತ್ತಿತ್ತು. ಹದಿನಾರನೆಯ ಶತಮಾನದ ಆರಂಭದಲ್ಲಿ ಲ್ಯಾಟಿನ್ನಿನ ಎದುರು ಇಂಗ್ಲಿಷೇ ಒಂದು ಒರಟು ಭಾಷೆಯೆನಿಸಿಕೊಂಡಿತ್ತು. ವಿದ್ವಾಂಸರು ಗಂಭೀರ ವಿಷಯಗಳನ್ನು ಅದರಲ್ಲಿ ಬರೆಯಲು ಹಿಂಜರಿಯುತ್ತಿದ್ದರು. ಆಗ ಥಾಮಸ್ ವಯಟ್ ಇಟಲಿಯ ಪೆಟ್ರಾರ್ಕನ ಸಾನೆಟ್ಟುಗಳನ್ನು ಇಂಗ್ಲಿಷಿಗೆ ತಂದ. ಸರ‍್ರೆಯ ಅರ್ಲ್ ವರ್ಜಿಲನ ಮಹಾಕಾವ್ಯದ ಭಾಗಗಳನ್ನು ಅನುವಾದಿಸುತ್ತ ಪ್ರಾಸರಹಿತ ಛಂದಸ್ಸನ್ನು ಆ ಭಾಷೆಗೆ ಪರಿಚಯಿಸಿದ. 1557ರಲ್ಲಿ ಟಾಟಲ್ ಎಂಬ ಪ್ರಕಾಶಕ ಇವರಿಬ್ಬರ ಪದ್ಯಗಳನ್ನು ಸೇರಿಸಿ ಒಂದು ಸಂಕಲನ ಪ್ರಕಟಿಸಿದ. ಪ್ಲುಟಾರ್ಕನ ಜೀವನಚರಿತ್ರೆಗಳನ್ನು ಥಾಮಸ್ ನಾರ್ತ್ 1579ರಲ್ಲಿ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ತಂದದ್ದರಿಂದ ಷೇಕ್ಸ್‌ಪಿಯರನಿಗೆ ರೋಮ್ ನಗರದ ನಾಟಕಗಳ ವಸ್ತು ಸಿಕ್ಕಿತು. ಷೇಕ್ಸ್‌ಪಿಯರನ ಹಿಂದೆ ಇಂಥ ಒಂದು ಅನುವಾದಕರ ಪೀಳಿಗೆಯಿದೆ. ಜಗತ್ತಿಗೆಲ್ಲ ಸಾಲ ಕೊಡುತ್ತಿರುವಂತೆ ಕಾಣುವ ಇಂಗ್ಲಿಷ್ ಒಂದು ಕಾಲದಲ್ಲಿ ದೊಡ್ಡ ಸಾಲಗಾರನಾಗಿತ್ತು. ಸಾಲವನ್ನು ಉಂಡು ತೀರಿಸದೆ ಬಂಡವಾಳವಾಗಿ ಹೂಡಿತು ಎಂಬುದೇ ಅದರ ಏಳಿಗೆಯ ಗುಟ್ಟು.

ಯುರೋಪಿನ ಪುನರುಜ್ಜೀವನ ಎರಡು ಕಡೆಗೆ ನೋಡಿತು. ಹಿಂದಿನ ಗ್ರೀಕರು ಮತ್ತು ರೋಮನರ ಕಡೆಗೆ ಒಂದು ನೋಟ, ತಮ್ಮ ಕಾಲದ ಆಡುಮಾತಿನ ಕಡೆಗೆ ಇನ್ನೊಂದು. ಬಿ.ಎಂ.ಶ್ರೀ ಅವರಲ್ಲೂ ಈ ಎರಡು ನೋಟಗಳು ಕಾಣುತ್ತವೆ. ‘ಇಂಗ್ಲಿಷ್ ಗೀತಗಳು’ ಆಡುಮಾತಿನ ಕಡೆ ನೋಡಿದರೆ, ಅವರ ನಾಟಕಗಳು ಪ್ರಾಚೀನದ ಕಡೆ ನೋಡುತ್ತವೆ. ರನ್ನನ ಕಾವ್ಯದಿಂದ ‘ಗದಾಯುದ್ಧ ನಾಟಕಂ’ ಅನ್ನು 1926ರಲ್ಲಿ ರೂಪಿಸಿ, ದುರ್ಯೋಧನನನ್ನು ಗ್ರೀಕರ ಅರ್ಥದಲ್ಲಿ ದುರಂತನಾಯಕನನ್ನಾಗಿಸಿದರು. ಸೊಫೊಕ್ಲಿಸನ ‘ಏಜಾಕ್ಸ್’ ನಾಟಕವನ್ನು ಮಹಾಭಾರತದ ಪಾತ್ರಕ್ಕೆ ಒಗ್ಗಿಸಿ 1929ರಲ್ಲಿ ‘ಅಶ್ವತ್ಥಾಮನ್’ ಬರೆದರು. ಈಸ್ಕಿಲಸನ ನಾಟಕವನ್ನು 1935ರಲ್ಲಿ ‘ಪಾರಸಿಕರು’ ಎಂಬ ಹೆಸರಿನಲ್ಲಿ ಕನ್ನಡಿಸಿದರು. ಚಿರಂಜೀವಿಯೆಂದು ನಂಬಲಾದ ಅಶ್ವತ್ಥಾಮ ರಂಗದ ಮೇಲೆ ತಾನೇ ಪ್ರಾಣ ಬಿಡುವುದನ್ನು ಸಂಪ್ರದಾಯಸ್ಥರು ಒಪ್ಪಲಿಲ್ಲ. ಆ ಟೀಕೆಯ ನಡುವೆಯೂ ನಾಟಕ ಉಳಿಯಿತು. ಹಳಗನ್ನಡದ ಬಿಗಿಯಿಂದಾಗಿ ಅದು ಸಾಮಾನ್ಯ ಪ್ರೇಕ್ಷಕನಿಗೆ ದೂರವೇ ಉಳಿಯಿತೆಂಬುದೂ ನಿಜ.

ಆಡಳಿತದಲ್ಲಿ ಬದುಕು ಸವೆಸಿದ ನನ್ನಂಥವನಿಗೆ ಇವೆಲ್ಲಕ್ಕಿಂತ ಹೆಚ್ಚು ಕುತೂಹಲ ಹುಟ್ಟಿಸುವುದು ಅವರ ಬದುಕಿನ ಮತ್ತೊಂದು ಅಧ್ಯಾಯ. 1920ರ ದಶಕದ ಉತ್ತರಾರ್ಧದಲ್ಲಿ ಅವರು ಮೈಸೂರು ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರ್ ಆಗಿದ್ದರು. ಅದು ಕವಿತೆ ಬರೆಯುವವರ ಕುರ್ಚಿಯಲ್ಲ. ಪರೀಕ್ಷೆಯ ವೇಳಾಪಟ್ಟಿ, ಆಯವ್ಯಯದ ಅಂದಾಜು, ನಿಯಮಾವಳಿಗಳ ತಿದ್ದುಪಡಿ, ಸಭೆಯ ನಡವಳಿಗಳು ಅಲ್ಲಿನ ದಿನಚರಿ. ಇಂಥ ಕುರ್ಚಿಗಳಲ್ಲಿ ಕುಳಿತವರ ಆಸಕ್ತಿಗಳು ಕ್ರಮೇಣ ಒಣಗುವುದನ್ನು ನಾನು ಬಹಳ ಕಂಡಿದ್ದೇನೆ. ಶ್ರೀಕಂಠಯ್ಯನವರು ಆ ಕುರ್ಚಿಯನ್ನೇ ಕನ್ನಡದ ಸಾಧನವಾಗಿ ಬಳಸಿದರು. ಅವರು ಅಲ್ಲಿದ್ದಾಗಲೇ, 1927ರಲ್ಲಿ, ಕನ್ನಡ ಎಂ.ಎ. ತರಗತಿ ಆರಂಭವಾಯಿತು. ಅದರ ಮೊದಲ ತಂಡದಲ್ಲಿ ಮಲೆನಾಡಿನ ಒಕ್ಕಲು ಮನೆತನದ ಕುವೆಂಪು ಇದ್ದರು, ಮುಂದೆ ಹಳಗನ್ನಡದ ಮಹಾವಿದ್ವಾಂಸರಾದ ಡಿ.ಎಲ್. ನರಸಿಂಹಾಚಾರ್ ಇದ್ದರು. ಒಂದು ತರಗತಿ ತೆರೆಯುವ ಆದೇಶ ಎಷ್ಟು ದೂರದ ಫಲ ಕೊಡಬಲ್ಲದು ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ. ಕನ್ನಡ ಓದಿದರೆ ಉನ್ನತ ಪದವಿ ಉಂಟು, ಕೆಲಸ ಉಂಟು, ಗೌರವ ಉಂಟು ಎಂಬ ನಂಬಿಕೆ ಅಂಥ ಆದೇಶಗಳಿಂದ ಹುಟ್ಟಿತು. ವಿಶ್ವವಿದ್ಯಾನಿಲಯದ ‘ಕನ್ನಡ ಕೈಪಿಡಿ’ಗಾಗಿ ಅವರು ಸ್ವತಃ ಛಂದಸ್ಸಿನ ಭಾಗವನ್ನು ಬರೆದುಕೊಟ್ಟದ್ದೂ ಈ ಕೆಲಸದ ಮುಂದುವರಿಕೆಯೇ.

1928ರಲ್ಲಿ ಅವರು ಕಲಬುರಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ನಿಜಾಮರ ಆಳ್ವಿಕೆಯ ನೆಲದಲ್ಲಿ ನಡೆದ ಆ ಸಮ್ಮೇಳನ, ಹರಿದು ಹಂಚಿಹೋಗಿದ್ದ ಕನ್ನಡಿಗರಿಗೆ ದೊಡ್ಡ ಧೈರ್ಯ ಕೊಟ್ಟಿತು. ಆಮೇಲೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ 1942ರವರೆಗೆ ದುಡಿದರು. 1938ರಿಂದ 1942ರವರೆಗೆ ಕನ್ನಡ ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷರಾಗಿ ಅದರ ಹೊಣೆ ಹೊತ್ತರು. ‘ಕನ್ನಡ ನುಡಿ’ ಪತ್ರಿಕೆ, ಕಾಲೇಜಿನ ಮೆಟ್ಟಿಲು ಹತ್ತದವರೂ ಕೂರಬಹುದಾದ ಕನ್ನಡ ಪರೀಕ್ಷೆಗಳು, ಗಮಕ ತರಗತಿಗಳು, ಮಹಿಳಾ ಶಾಖೆ ಇವೆಲ್ಲ ಆ ಕಾಲದ ಕೊಡುಗೆಗಳು. ಮಹಾರಾಜರು 1938ರಲ್ಲಿ ‘ರಾಜಸೇವಾಸಕ್ತ’ ಬಿರುದನ್ನಿತ್ತರು. ಶಿಷ್ಯರು ಮತ್ತು ಅಭಿಮಾನಿಗಳು 1941ರಲ್ಲಿ ‘ಸಂಭಾವನೆ’ ಗ್ರಂಥವನ್ನು ಅರ್ಪಿಸಿದರು. ಅವರ ಸ್ವಂತ ಕವಿತೆಗಳ ಸಂಕಲನ ‘ಹೊಂಗನಸುಗಳು’ ಬಂದದ್ದು 1943ರಲ್ಲಿ, ನಿವೃತ್ತಿಯ ನಂತರ.

ಈಗ ನಾಲೆಯ ಮಾತಿಗೆ ಬರುತ್ತೇನೆ. ಬಿ.ಎಂ.ಶ್ರೀ ಧಾರವಾಡದಲ್ಲಿ ಉಪನ್ಯಾಸ ಮಾಡಿದ 1911ರಲ್ಲೇ ಕನ್ನಂಬಾಡಿಯಲ್ಲಿ ಅಣೆಕಟ್ಟಿನ ಕೆಲಸ ಆರಂಭವಾಯಿತು. 1930ರ ದಶಕದ ಆರಂಭದಲ್ಲಿ ಅದು ಮುಗಿದು, ಅಂದು ಇರ್ವಿನ್ ನಾಲೆಯೆನಿಸಿದ್ದ ಇಂದಿನ ವಿಶ್ವೇಶ್ವರಯ್ಯ ನಾಲೆ ಹುಲಿಕೆರೆಯ ಸುರಂಗವನ್ನು ಹಾದು ಮಂಡ್ಯ, ಮದ್ದೂರು, ಮಳವಳ್ಳಿಗಳ ಒಣನೆಲಕ್ಕೆ ಕಾವೇರಿಯನ್ನು ತಂದಿತು. ರಾಗಿ, ಹುರುಳಿ ಬೆಳೆಯುತ್ತಿದ್ದ ಹೊಲಗಳ ಅಂಚಿಗೆ ನೀರು ಬಂದ ಮಾತ್ರಕ್ಕೆ ಸಮೃದ್ಧಿ ಬರಲಿಲ್ಲ. ತೂಬು, ಹೊಲಗಾಲುವೆಗಳು ಬೇಕಾದವು. ಕಬ್ಬು, ಭತ್ತ ಮತ್ತು ಕಡಿಮೆ ನೀರಿನ ಬೆಳೆಗಳನ್ನು ಸರದಿಯ ಮೇಲೆ ಬೆಳೆಯುವ ಬ್ಲಾಕ್ ಪದ್ಧತಿ ಬೇಕಾಯಿತು. ಹೊಸ ಕಬ್ಬಿನ ತಳಿ, ಅದನ್ನು ಕೊಳ್ಳಲು 1933ರಲ್ಲಿ ಸ್ಥಾಪನೆಯಾದ ಮೈಸೂರು ಸಕ್ಕರೆ ಕಂಪನಿ, ರೈತನಿಗೆ ಸಾಲ, ಗಾಡಿಗೆ ರಸ್ತೆ ಎಲ್ಲವೂ ಬೇಕಾದವು. ನಾಲೆಯ ಹೆಸರಿನಲ್ಲಿ ನಾವು ಒಬ್ಬ ಮಹನೀಯರನ್ನು ಸ್ಮರಿಸುತ್ತೇವೆ, ಅದು ಸರಿಯೇ. ಆದರೆ ಹೊಲಗಾಲುವೆಯ ಹೂಳನ್ನು ಪ್ರತಿವರ್ಷ ಎತ್ತದಿದ್ದರೆ ಕೊನೆಯ ಭಾಗದ ರೈತನ ಗದ್ದೆಗೆ ನೀರು ತಲಪುವುದಿಲ್ಲ. ಮದ್ದೂರು, ಮಳವಳ್ಳಿಯ ಕೊನೆಭಾಗದ ಹಳ್ಳಿಗಳ ಅರ್ಜಿಗಳಲ್ಲಿ ನಾನು ಓದಿದ್ದು ಬಹುಪಾಲು ಇದೇ ದೂರನ್ನು.

ಅದೇ ದಶಕಗಳಲ್ಲಿ ಕನ್ನಡದ ಒಣನೆಲಕ್ಕೂ ನೀರು ಹರಿಯಿತು. ಬಿ.ಎಂ.ಶ್ರೀ ಕವಿತೆ ಬರೆದು ಸುಮ್ಮನಾಗದೆ ತರಗತಿ, ಪಠ್ಯ, ಪತ್ರಿಕೆ, ಪರೀಕ್ಷೆ, ಪರಿಷತ್ತುಗಳೆಂಬ ಹೊಲಗಾಲುವೆಗಳನ್ನೂ ತೋಡಿದರು. ಬೆಳೆದವರು ಬೇರೆಯವರು. ಕುವೆಂಪು, ಪು.ತಿ.ನ., ರಾಜರತ್ನಂ, ಕೆ.ಎಸ್.ನ. ಅವರ ಕೃತಿಗಳ ಮುಂದೆ ಶ್ರೀಕಂಠಯ್ಯನವರ ಸ್ವಂತ ಕಾವ್ಯದ ಮೊತ್ತ ಚಿಕ್ಕದು. ತನ್ನ ಕಣ್ಣೆದುರಿಗೇ ಕಿರಿಯರು ತನ್ನನ್ನು ಮೀರಿ ಬೆಳೆಯುವುದನ್ನು ಕಂಡು ಅವರನ್ನೇ ಮುಂದೆ ನಿಲ್ಲಿಸಿದ್ದರಿಂದಲೇ ಅಭಿಮಾನಿಗಳು ಅವರನ್ನು ಕನ್ನಡದ ಕಣ್ವ ಎಂದು ಕರೆದರು. ಕಣ್ವ ಸಾಕಿದವನೇ ಹೊರತು ಹಡೆದವನಲ್ಲ. ನವೋದಯಕ್ಕೆ ಅವರೊಬ್ಬರೇ ಮೂಲವೆಂದು ಹೇಳುವುದೂ ತಪ್ಪಾದೀತು. ಧಾರವಾಡದಲ್ಲಿ ಬೇಂದ್ರೆಯವರೂ ಅವರ ಗೆಳೆಯರ ಗುಂಪೂ ಜಾನಪದದ ಬೇರಿನಿಂದ ತಮ್ಮದೇ ಹಾದಿ ತೆರೆದರು. ಕರಾವಳಿಗೂ ತನ್ನದೇ ಧಾರೆಯಿತ್ತು.

ನಿವೃತ್ತಿಯ ಬಳಿಕ ವಿಶ್ರಾಂತಿ ಪಡೆಯುವ ಬದಲು ಅವರು 1944ರಲ್ಲಿ ಧಾರವಾಡದ ಕಾಲೇಜೊಂದರ ಪ್ರಾಂಶುಪಾಲರಾಗಿ ಹೋದರು. ತರುಣನಾಗಿ ಕನ್ನಡದ ಪರ ಮಾತನಾಡಿದ್ದ ಅದೇ ಊರಿನಲ್ಲಿ, 1946ರ ಜನವರಿ 5ರಂದು ತೀರಿಕೊಂಡರು. 62 ವರ್ಷ ತುಂಬಿ ಎರಡು ದಿನಗಳಾಗಿದ್ದವು. ನಾಡು ಸ್ವತಂತ್ರವಾದದ್ದನ್ನೂ 1956ರಲ್ಲಿ ಕನ್ನಡಿಗರು ಒಂದೇ ರಾಜ್ಯದಡಿ ಸೇರಿದ್ದನ್ನೂ ಅವರು ನೋಡಲಿಲ್ಲ. ಅವರ ಸಹೋದರನ ಮಗಳು, ಮಂಡ್ಯದ ತ್ರಿವೇಣಿ, ಮುಂದಿನ ದಶಕದಲ್ಲಿ ಹೆಣ್ಣಿನ ಮನಸ್ಸಿನ ಒಳತೋಟಿಗಳನ್ನು ಕಾದಂಬರಿಗಳಾಗಿಸಿ ಕನ್ನಡದ ಮನೆಮಾತಾದುದನ್ನೂ ನೋಡಲಿಲ್ಲ.

ಇಂದು ಮಂಡ್ಯ, ಮದ್ದೂರು, ಮಳವಳ್ಳಿಯ ಹಳ್ಳಿಗಳಿಂದ ಬೆಳಗಾಗುವುದರೊಳಗೆ ಖಾಸಗಿ ಶಾಲೆಗಳ ಹಳದಿ ಬಸ್ಸುಗಳು ಪಟ್ಟಣಗಳತ್ತ ಹೊರಡುತ್ತವೆ. ಮಕ್ಕಳಿಲ್ಲದೆ ಸೊರಗುವ ಕನ್ನಡ ಶಾಲೆಗಳ ಸುದ್ದಿ ಯಾರಿಗೂ ಹೊಸದಲ್ಲ. ತಂದೆತಾಯಿಯರನ್ನು ಇದಕ್ಕಾಗಿ ದೂಷಿಸುವುದು ಸುಲಭ, ಆದರೆ ನ್ಯಾಯವಲ್ಲ. ಮಕ್ಕಳ ಹೊಟ್ಟೆಪಾಡಿನ ಲೆಕ್ಕ ಅವರಿಗೂ ಗೊತ್ತು. ಇಂಗ್ಲಿಷನ್ನು ದ್ವೇಷಿಸಿ ಕನ್ನಡ ಬೆಳೆಸಬಹುದೆಂದು ಬಿ.ಎಂ.ಶ್ರೀ ಅವರ ಬದುಕು ಹೇಳುವುದಿಲ್ಲ. ಇಂಗ್ಲಿಷನ್ನು ಚೆನ್ನಾಗಿ ಕಲಿತವನು ಅದರ ಫಲವನ್ನು ಕನ್ನಡಕ್ಕೆ ತರುವ ಹೊಣೆಯನ್ನೂ ಹೊರಬೇಕೆಂದು ಅದು ಹೇಳುತ್ತದೆ. ನಮ್ಮ ಜಿಲ್ಲೆಗಳಿಂದ ಹೋಗಿ ಬೆಂಗಳೂರಿನಲ್ಲೂ ಪರದೇಶಗಳಲ್ಲೂ ವಿಜ್ಞಾನ, ತಂತ್ರಜ್ಞಾನ, ವೈದ್ಯ, ಕಾನೂನುಗಳಲ್ಲಿ ಹೆಸರು ಮಾಡಿದ ಸಾವಿರಾರು ಜನರಿದ್ದಾರೆ. ತಮ್ಮ ವಿದ್ಯೆಯ ಒಂದು ಭಾಗವನ್ನು ಕನ್ನಡದಲ್ಲಿ ಬರೆದು ಕೊಡುವವರು ಅವರಲ್ಲಿ ಎಷ್ಟು ಮಂದಿ?

ಸರ್ಕಾರಕ್ಕೂ ಇಲ್ಲಿ ಪಾಠವಿದೆ. ನನ್ನ ಸೇವೆಯ ದಿನಗಳಲ್ಲಿ ಒಂದು ತಾಲ್ಲೂಕು ಕೇಂದ್ರದ ವಾಚನಾಲಯದಲ್ಲಿ ಹೊಸ ಪುಸ್ತಕಗಳ ಬೀರು ತಿಂಗಳುಗಟ್ಟಲೆ ಬೀಗ ಹಾಕಿಕೊಂಡೇ ಇತ್ತು. ಪುಸ್ತಕ ಕೊಳ್ಳಲು ಅನುದಾನವಿತ್ತು, ಬೀಗ ತೆಗೆದು ಓದುಗನ ಕೈಗಿಡುವ ನೌಕರನ ಹುದ್ದೆ ಮಂಜೂರಾಗಿರಲಿಲ್ಲ. ಅಣೆಕಟ್ಟು ಕಟ್ಟಿ ಹೊಲಗಾಲುವೆಯನ್ನು ಮರೆತಂತೆ ಇದು. ಮೂರು ದಿನದ ಸಮ್ಮೇಳನದ ವೆಚ್ಚವನ್ನು ನಾನು ಆಕ್ಷೇಪಿಸುವುದಿಲ್ಲ. ಅದರ ಜೊತೆಗೆ ಪ್ರತಿ ಹೋಬಳಿಯ ವಾಚನಾಲಯದಲ್ಲಿ ಬಾಗಿಲು ತೆರೆಯುವ ಒಬ್ಬ ನೌಕರ, ಪ್ರತಿ ಶಾಲೆಗೆ ಒಬ್ಬ ಒಳ್ಳೆಯ ಕನ್ನಡ ಮೇಷ್ಟ್ರು, ಅನುವಾದಕ್ಕೆ ಮರ್ಯಾದೆಯ ಸಂಭಾವನೆ ಇವು ಸಣ್ಣ ಮೊತ್ತದ ಬಾಬತ್ತುಗಳು. ಇವುಗಳಿಗೆ ಉದ್ಘಾಟನೆಯ ಫಲಕ ಇರುವುದಿಲ್ಲ, ಆದ್ದರಿಂದಲೇ ಆಯವ್ಯಯದಲ್ಲಿ ಮೊದಲು ಕತ್ತರಿ ಬೀಳುವುದೂ ಇವುಗಳಿಗೇ. ಶ್ರೀಕಂಠಯ್ಯನವರ ನೆನಪಿಗೆ ಪುತ್ಥಳಿಗಳನ್ನು ನಿಲ್ಲಿಸುವವರು, ಅವರು ರಿಜಿಸ್ಟ್ರಾರ್ ಕುರ್ಚಿಯಲ್ಲಿ ಕುಳಿತು ಯಾವ ಬಾಬತ್ತುಗಳಿಗೆ ಗಮನ ಕೊಟ್ಟರೆಂಬುದನ್ನೂ ಒಮ್ಮೆ ನೋಡಿದರೆ ಒಳ್ಳೆಯದು.